ಸೋಮವಾರದ ಟ್ಯಾಪೆಟ್

ಕೆಂಪವ್ವನ ಬಾಯಿ ದೊಡ್ಡದು ಎಂದು ಸವದತ್ತಿಯ ಆ ಓಣಿಯಲ್ಲಿ ಹೆಸರಾಗಿ ಮೂರು ವರ್ಷವಾಗಿತ್ತು. ಅವಳು ಗಂಡನನ್ನು ಊಟಕ್ಕೆ ಕರೆದರೆ, ಇವತ್ತು ಅವರ ಮನೆಯಲ್ಲಿ ಬದನೆಕಾಯಿಯೋ ಪುಂಡಿಪಲ್ಯವೋ ಎಂಬುದು ನಾಲ್ಕು ಮನೆಯಾಚೆಯವರಿಗೂ ತಿಳಿಯುತ್ತಿತ್ತು. ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು ಮೊದಲ ದಿನವೇ ಜಗಳ ಬಿಡಿಸಲು ಓಡಿಬಂದು, ಗಂಡ ಹೆಂಡತಿ ಎದುರುಬದುರು ಕೂತು ಚಹಾ ಕುಡಿಯುತ್ತಿದ್ದುದನ್ನು ಕಂಡು ನಾಚಿಕೊಂಡು ಹಿಂದಿರುಗಿದ್ದರು. ಕೆಂಪವ್ವ ಮೊದಲಿನಿಂದ ಹಾಗಿರಲಿಲ್ಲ. ಗಂಡ ಜಟ್ಟೆಪ್ಪನ ಕಿವಿ ಮಂದವಾಗುತ್ತ ಬಂದಂತೆ ಇವಳ ದನಿ ಏರುತ್ತ ಹೋಗಿತ್ತು. ಕಿವುಡನ ಹೆಂಡತಿ ಅನ್ನಿಸಿಕೊಳ್ಳುವುದಕ್ಕಿಂತ ಗಯ್ಯಾಳಿ ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವಳು ತೀರ್ಮಾನಿಸಿದ್ದಳು. ಗಯ್ಯಾಳಿಯ ಗಂಡನ ಕಾರನ್ನು ಜನ ಹತ್ತುತ್ತಾರೆ. ಕಿವುಡನ ಕಾರನ್ನು ಯಾರು ಹತ್ತುತ್ತಾರೆ?

ಜಟ್ಟೆಪ್ಪನದು ಒಂದು ಹಳೆಯ ಅಂಬಾಸಿಡರ್. ಹತ್ತಿ ಗಿರಣಿಯ ಸಾಹುಕಾರರ ಮನೆಯಲ್ಲಿ ಇಪ್ಪತ್ತು ವರ್ಷ ಡ್ರೈವರಾಗಿದ್ದವನು, ಅವರು ಹೊಸ ಕಾರು ಕೊಂಡಾಗ ಹಳೆಯದನ್ನು ತಾನೇ ಕೊಂಡುಕೊಂಡಿದ್ದ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಲ್ಲಿ ಬಸ್ ನಿಲ್ದಾಣದಿಂದ ಎಲ್ಲಮ್ಮನ ಗುಡ್ಡಕ್ಕೆ ಆರಾರು ಜನರನ್ನು ತುಂಬಿಕೊಂಡು ಹೋಗುತ್ತಿದ್ದ. ಪೆಟ್ರೋಲಿನ ಬೆಲೆ ನೆತ್ತಿಗೇರಿದ ವರ್ಷ ಅದು. ಎಷ್ಟೋ ಟ್ಯಾಕ್ಸಿಗಳು ಮನೆ ಮುಂದೆ ಕೋಳಿ ಕೂರಿಸಿಕೊಂಡು ನಿಂತಿದ್ದವು. ಜಟ್ಟೆಪ್ಪನ ಗಾಡಿ ಮಾತ್ರ ಓಡುತ್ತಿತ್ತು. ಸೋಮವಾರ ಅದಕ್ಕೆ ರಜೆ. ಅಂದು ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ, ಬಾನೆಟ್ ಎತ್ತಿ, ಪ್ಲಗ್ಗುಗಳನ್ನು ಬಿಚ್ಚಿ ಉಜ್ಜುವುದು, ಕರಿ ಎಣ್ಣೆಯನ್ನು ಡಬ್ಬಿಗೆ ಇಳಿಸುವುದು, ಇಂಜಿನ್ನಿನ ಮೇಲ್ಮುಚ್ಚಳ ತೆಗೆದು ಟ್ಯಾಪೆಟ್ ಕಟ್ಟುವುದು, ಎಂದರೆ ವಾಲ್ವುಗಳ ಸಂದು ಹೊಂದಿಸುವುದು. ಎಂಟು ವಾಲ್ವುಗಳಿಗೆ ಎಂಟು ಸ್ಕ್ರೂ. ಒಂದೊಂದಕ್ಕೂ ಕೂದಲೆಳೆಯಷ್ಟು ಸಂದು ಬಿಡಬೇಕು. ಸಂದು ಹೆಚ್ಚಾದರೆ ಟಕಟಕ, ಕಡಿಮೆಯಾದರೆ ವಾಲ್ವು ಸುಡುತ್ತದೆ. ಗೇಜು ಎಂಬ ತೆಳು ತಗಡು ತೂರಿಸಿ ಸಂದು ಅಳೆಯುವವರನ್ನು ಕಂಡರೆ ಜಟ್ಟೆಪ್ಪನಿಗೆ ನಗು. ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಇಟ್ಟು ಕೇಳಿಯೇ ಕಟ್ಟುವವನು. ಈ ಮೂರು ವರ್ಷದಿಂದ ಆ ಸ್ಕ್ರೂಡ್ರೈವರು ಬರೀ ತೋರಿಕೆಗೆ ಕಿವಿಗೆ ಹೋಗುತ್ತಿತ್ತು ಎಂಬುದು ಕೆಂಪವ್ವನೊಬ್ಬಳಿಗೆ ಗೊತ್ತಿತ್ತು.

ಎರಡನೆಯದಾಗಿ ಗೊತ್ತಾದದ್ದು ಸೊಸೆ ಕೃಷ್ಣವ್ವನಿಗೆ. ಅವಳ ತವರು ತೊರಗಲ್. ಅಪ್ಪ ಅಲ್ಲಿ ಎಣ್ಣೆ ಇಂಜಿನ್ನಿನ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಇಂಜಿನ್ ಸದ್ದಿನಲ್ಲೇ ತೊಟ್ಟಿಲು ತೂಗಿಸಿಕೊಂಡ ಹುಡುಗಿ. ಪಟ್ಟಿ ಜಾರಿದ್ದು, ಎಣ್ಣೆ ಕಡಿಮೆಯಾದದ್ದು ಎಲ್ಲ ಒಳಗೆ ಕೂತೇ ಹೇಳುತ್ತಿದ್ದಳು. ಆದರೆ ಇಲ್ಲಿ ಅವಳು ಸೊಸೆ. ಮದುವೆಯಾಗಿ ನಾಲ್ಕು ವರ್ಷವಾದರೂ ಮಾವನೊಂದಿಗೆ ಒಂದೇ ಒಂದು ಮಾತಾಡಿರಲಿಲ್ಲ. ಮಾವ ಮೂರು ಮೊಳ ದೂರದಲ್ಲಿ ಕೂತಿದ್ದರೂ ಬಾಗಿಲ ಮರೆಗೆ ನಿಂತು, ಸೆರಗು ಮುಂದೆಳೆದುಕೊಂಡು, "ಅತ್ತ್ಯಾರ, ಮಾವಾರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳ್ರಿ" ಎನ್ನುತ್ತಿದ್ದಳು. ಅತ್ತೆ ಅದನ್ನು ಓಣಿಗೆಲ್ಲ ಕೇಳುವಂತೆ ಕೇಳುತ್ತಿದ್ದಳು.

ಒಂದು ಸೋಮವಾರ ಕೃಷ್ಣವ್ವ ರೊಟ್ಟಿ ಬಡಿಯುತ್ತಿದ್ದಾಗ ಹೊರಗೆ ಇಂಜಿನ್ ಶುರುವಾಯಿತು. ಅವಳ ಕೈ ನಿಂತಿತು.

"ಅತ್ತ್ಯಾರ, ಒಂದು ಸದ್ದು ಕಡಿಮಿ ಬರಾಕ ಹತ್ತೇತ್ರಿ."

"ಕಡಿಮಿ ಬಂದ್ರ ಚೊಲೊ ಅಲ್ಲೇನ?"

"ಅಲ್ರಿ. ಸದ್ದ ಇಲ್ದಿದ್ದು ಬಿಗಿ ಆಗಿರತೈತಿ. ಏರಿನ್ಯಾಗ ಗಾಡಿ ಜಗ್ಗೂದಿಲ್ಲ."

ಕೆಂಪವ್ವ ಹೊಸ್ತಿಲಿಗೆ ಬಂದಳು. "ಕೇಳ್ರಿ ಇಲ್ಲೆ! ಒಂದು ಟ್ಯಾಪೆಟ್ ಬಿಗಿ ಆಗೇತಂತ!"

"ಯಾರಂದ್ರು?"

"ನಿಮ್ಮ ಸೊಸಿ!"

"ಆಕಿ ರೊಟ್ಟಿ ಬಡೀಲಿ ಅಂತ ಹೇಳು. ಇದು ಹಿಟ್ಟಿನ ಗಿರಣಿ ಅಲ್ಲ, ಅಂಬಾಸಿಡರ್."

ಮರುದಿನ ಗುಡ್ಡದ ಏರಿನಲ್ಲಿ ಅಂಬಾಸಿಡರ್ ಕೆಮ್ಮಿ ಕೆಮ್ಮಿ ನಿಂತಿತು. ನಾಲ್ಕು ಜನ ಇಳಿದು ನಡೆದರು. ನಡೆದವರಲ್ಲೊಬ್ಬರು ಬಾಡಿಗೆ ಕೊಡಲಿಲ್ಲ. ಜಟ್ಟೆಪ್ಪ ಸಂಜೆ ಮನೆಗೆ ಬಂದು, ಕೈ ತೊಳೆಯುವ ಮೊದಲೇ ಮುಚ್ಚಳ ಬಿಚ್ಚಿ ನೋಡಿದ. ಮೂರನೆಯದು ಬಿಗಿಯಾಗಿತ್ತು. ಊಟಕ್ಕೆ ಕೂತು ದಿನಕ್ಕಿಂತ ಒಂದು ರೊಟ್ಟಿ ಕಡಿಮೆ ತಿಂದ.

ಮುಂದಿನ ಸೋಮವಾರ ಒಂದು ಸಣ್ಣ ಬದಲಾವಣೆಯಾಯಿತು. ಯಾವಾಗಲೂ ರಸ್ತೆಗೆ ಮುಖ ಮಾಡಿ ನಿಲ್ಲುತ್ತಿದ್ದ ಕಾರು ಅಂದು ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ನಿಂತಿತ್ತು. ಇಂಜಿನ್ ಶುರು ಮಾಡಿ ಜಟ್ಟೆಪ್ಪ ಇಂಜಿನ್ನನ್ನು ನೋಡಲಿಲ್ಲ, ಕಿಟಕಿಯನ್ನು ನೋಡಿದ. ಆಮೇಲೆ ಎಣ್ಣೆ ಸಿಡಿಯುತ್ತಿದ್ದರೂ ಲೆಕ್ಕಿಸದೆ, ಸ್ಕ್ರೂಡ್ರೈವರಿನಿಂದ ಒಂದೊಂದೇ ಟ್ಯಾಪೆಟ್ಟನ್ನು ಒತ್ತಿ ಹಿಡಿಯುತ್ತ ಹೋದ. ಒತ್ತಿದಾಗ ಯಾವುದರ ಸದ್ದು ಬದಲಾಗುತ್ತದೋ ಅದೇ ತಪ್ಪಿದ್ದು.

"ಅದಲ್ರಿ, ಅದರ ಮುಂದಿಂದು," ಎಂದಳು ಕೃಷ್ಣವ್ವ ಒಳಗಿನಿಂದ.

"ಅದಲ್ಲಂತ! ಮುಂದಿಂದು!" ಎಂದಳು ಕೆಂಪವ್ವ ಹೊಸ್ತಿಲಿನಿಂದ.

"ಈಗ ಬರೋಬ್ಬರಿ ಆತ್ರಿ."

"ಬರೋಬ್ಬರಿ ಆತಂತ!"

ಓಣಿಯವರು, ಕೆಂಪವ್ವ ಬಾಯಿಂದಲೇ ಗಾಡಿ ರಿಪೇರಿ ಮಾಡುತ್ತಾಳೆ ಎಂದು ನಕ್ಕರು. ಕೃಷ್ಣವ್ವನಿಗೆ ಒಳಗೊಳಗೆ ಖುಷಿಯಾಯಿತು. ಮೂರು ವಾರ ಹೀಗೇ ನಡೆಯಿತು. ಗಾಡಿ ಗುಡ್ಡವನ್ನು ಗುಟುರು ಹಾಕಿಕೊಂಡು ಹತ್ತುತ್ತಿತ್ತು. ಮಾವ ಒಂದು ದಿನ ಪೇಟೆಯಿಂದ ಹಸಿರು ಗಾಜಿನ ಬಳೆ ತಂದು, "ಒಳಗ ಕೊಡು" ಎಂದು ಕೆಂಪವ್ವನ ಕೈಗಿತ್ತ. ಹೊಗಳಿಕೆ ಎಂದರೆ ಅಷ್ಟೇ.

ಜಟ್ಟೆಪ್ಪನ ಮಗ, ಕೃಷ್ಣವ್ವನ ಗಂಡ ಲಗಮಪ್ಪ ಗುಡ್ಡದ ದಾರಿಯ ಉಗರಗೋಳದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ದಿನಾ ಸೈಕಲ್ಲಿನಲ್ಲಿ ಹೋಗಿ ಬರುವವನು. ಇಂಜಿನ್ನಿಗೂ ಅವನಿಗೂ ಎಣ್ಣೆ ಸೀಗೇಕಾಯಿ. ಅವನ ಬಿಳಿ ಪೈಜಾಮದ ಮೇಲೆ ಒಂದು ಕರಿ ಬೆರಳು ಬಿದ್ದರೆ ಮನೆಯಲ್ಲಿ ಎರಡು ದಿನ ಮಾತು ನಿಲ್ಲುತ್ತಿತ್ತು. ಅಪ್ಪನಿಗೆ ವಯಸ್ಸಾಯಿತು, ಸ್ವಲ್ಪ ಕಿವಿ ಮಂದ ಎಂದಷ್ಟೇ ತಿಳಿದುಕೊಂಡಿದ್ದ. ಒಂದು ಬುಧವಾರ ಶಾಲೆ ಬಿಟ್ಟು ಹೊರಟವನನ್ನು ಚಹಾದಂಗಡಿಯ ಪರಪ್ಪ ಕೈಮಾಡಿ ಕರೆದ.

"ಮಾಸ್ತರ, ನಿಮ್ಮ ಮುಂದ ಹೇಳಬಾರದು, ಆದ್ರೂ ಹೇಳತೇನಿ. ನಿನ್ನೆ ನಿಮ್ಮಪ್ಪಾರ ಗಾಡಿ ಹಿಂದ ಬಸ್ಸಿನಂವ ಒಂದ ಸವನ ಹಾರ್ನ್ ಹೊಡದ. ಇವರು ಬಾಜೂಕ ಸರೀಲಿಲ್ಲ. ಕಡೀಕ ಅಂವಾ ಕಲ್ಲಿಗೆ ಉಜ್ಜಿಕೊಂಡ ಮುಂದ ಹೋದ."

"ಅಪ್ಪ ಏನ್ ಮಾಡಿದ?"

"ಕೈ ಎತ್ತಿ ನಮಸ್ಕಾರ ಮಾಡಿ ನಕ್ರು! ಗಾಡಿ ಒಳಗ ಒಬ್ಬಾಕಿ ಹೆಣಮಗಳು ಕೂಸು ಎದಿಗಿ ಅವಚಿಕೊಂಡು ಕಿರಚಾಕ ಹತ್ತಿದ್ಳು. ನನಗ ಇಲ್ಲಿತನಕ ಕೇಳತು, ಮಾಸ್ತರ. ಮುಂದ ಕುಂತ ಅವರಿಗೆ ಕೇಳಲಿಲ್ಲ."

ಲಗಮಪ್ಪ ಚಹಾ ಕುಡಿಯಲಿಲ್ಲ. ಮನೆಯ ದಾರಿ ಅಂದು ಅವನಿಗೆ ದಿನಕ್ಕಿಂತ ಉದ್ದವಾಗಿ ಕಂಡಿತು.

ಅಂದು ಸಂಜೆ ಜುಣಕ ರೊಟ್ಟಿ. ಅಪ್ಪ, ಮಗ ಪಕ್ಕಪಕ್ಕ ಕೂತಿದ್ದರು. ಲಗಮಪ್ಪ ತಟ್ಟೆ ನೋಡುತ್ತಲೇ, ಸಾಧಾರಣ ದನಿಯಲ್ಲಿ, "ಅಪ್ಪಾ, ನಿನ್ನೆ ಬಸ್ಸಿನ ಹಾರ್ನ್ ಕೇಳಲಿಲ್ಲೇನ?" ಎಂದ. ಜಟ್ಟೆಪ್ಪ ರೊಟ್ಟಿ ಮುರಿದು ತಿನ್ನುತ್ತಲೇ ಇದ್ದ. ಮಗ ಇನ್ನೊಮ್ಮೆ ಕೇಳಿದ. ಅಪ್ಪ ಉಳ್ಳಾಗಡ್ಡಿ ಕಡಿದ.

"ಬಸ್ಸಿನಂವ ಹಾರ್ನ್ ಹೊಡದನಂತ ನಿನ್ನೆ!" ಎಂದು ಕೆಂಪವ್ವ ಕೂಗಿದಳು.

"ಹೊಡೀಲಿ! ಅವರಪ್ಪನ ರಸ್ತೆ ಏನ?" ಎಂದ ಜಟ್ಟೆಪ್ಪ.

ಲಗಮಪ್ಪ ತಾಯಿಯ ಕಡೆ ತಿರುಗಿದ. "ಎಷ್ಟ ದಿನ ಆತು ಯವ್ವಾ, ಹಿಂಗ?"

"ಏನ್ ಹಿಂಗ? ಉಣ್ಣು ಸುಮ್ಮ."

"ನೀ ಒದರೂದು ಇದಕ್ಕೇನ? ನಾ ನಿನ್ನ ಸ್ವಭಾವಾನ ಹಂಗ ಅನ್ಕೊಂಡಿದ್ದೆ."

ಕೆಂಪವ್ವ ಮಜ್ಜಿಗೆ ತರಲು ಎದ್ದಳು.

ಊಟವಾದ ಮೇಲೆ ಪಾತ್ರೆ ತಿಕ್ಕುತ್ತಿದ್ದ ಹೆಂಡತಿಯ ಬಳಿ ಲಗಮಪ್ಪ ನಿಂತ. "ನಿನ್ನಿಂದನ ಇದು," ಎಂದ.

"ನಾ ಏನ್ ಮಾಡೇನ್ರಿ?"

"ಇಂಜಿನ್ ಕೆಟ್ಟಿದ್ರ ಗಾಡಿ ಮನಿ ಮುಂದ ನಿಂತಿರತಿತ್ತು. ನೀ ಅದನ್ನ ಚೊಲೊ ಮಾಡಿ ಮಾಡಿ ಅಪ್ಪನ್ನ ರಸ್ತೆಗೆ ಕಳಸಾಕ ಹತ್ತೀದಿ. ನಾಳೆ ಏನರ ಆತು ಅಂದ್ರ ಯಾರ ಕೊರಳಿಗೆ?"

ಬೂದಿ ಹತ್ತಿದ ಕೈ ಹಾಗೇ ನಿಂತಿತು. ಇದು ಅವಳಿಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ಬಿಟ್ಟು ಹೋಗಲೂ ಇಲ್ಲ. ಅಂದಿನಿಂದ ಗಾಡಿ ಹೊರಟರೆ ಕೃಷ್ಣವ್ವನ ಲಕ್ಷ್ಯವೆಲ್ಲ ರಸ್ತೆಯ ಕಡೆಗೇ. ಜೋಳ ಹಸನು ಮಾಡಲು ಕೂತರೆ ಕಲ್ಲು ಉಳಿಯುತ್ತಿದ್ದವು, ಕಾಳು ಹೊರಗೆ ಹೋಗುತ್ತಿದ್ದವು. ರಸ್ತೆಯ ತಿರುವಿನಲ್ಲಿ ಅಂಬಾಸಿಡರಿನ ಸದ್ದು ಎಲ್ಲರಿಗಿಂತ ಮೊದಲು ಅವಳಿಗೆ ಕೇಳಿಸುತ್ತಿತ್ತು. ಅದಕ್ಕಾಗಿ ಕೆಂಪವ್ವ ಹೊಸ್ತಿಲಲ್ಲಿ ಕೂತು ರಸ್ತೆಯನ್ನು ನೋಡುತ್ತಿರಲಿಲ್ಲ, ಸೊಸೆಯ ಮುಖವನ್ನು ನೋಡುತ್ತಿದ್ದಳು.

"ಬಂತೇನ?"

"ಇನ್ನೂ ಇಲ್ರಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಈಗರ?"

"ಅದು ಬ್ಯಾರೆ ಗಾಡಿ ಅತ್ತ್ಯಾರ."

ಸೋಮವಾರ ಬಂತು. ಜಟ್ಟೆಪ್ಪ ಇಂಜಿನ್ ಶುರು ಮಾಡಿ ಕಿಟಕಿಯ ಕಡೆ ನೋಡಿದ. ಎರಡು ಟ್ಯಾಪೆಟ್ಟುಗಳು ಕುಟ್ಟುತ್ತಿದ್ದವು. ಕೃಷ್ಣವ್ವ ರೊಟ್ಟಿ ಬಡಿಯುತ್ತಲೇ ಇದ್ದಳು.

"ಏನಂತೈತಿ?" ಎಂದಳು ಕೆಂಪವ್ವ.

"ನಂಗೇನೂ ಕೇಳವಲ್ದ್ರಿ."

"ನಿನ್ನ ಕಿವಿಗೇನ್ ಧಾಡಿ ಆಗೇತಿ?"

"ಧಾಡಿ ಯಾರಿಗಾಗೇತಿ ಅನ್ನೂದು ನಿಮಗ ಗೊತ್ತಿಲ್ಲೇನ್ರಿ?" ಕೃಷ್ಣವ್ವ ಹಿಟ್ಟಿನ ಪರಾತ ಸರಿಸಿದಳು. "ಗಾಡ್ಯಾಗ ಆರು ಮಂದಿ ಕುಂದರತಾರ. ಕೂಸು ಇರತಾವ. ಮಾವಾರ್ದು ಬಚ್ಚಿಡಾಕ ಹತ್ತೀರಲ್ಲ, ಅವರ ಮನಿಯವರಿಗೆ ನಾಳೆ ಏನ್ ಹೇಳ್ತೀರಿ?"

"ಮನ್ಯಾಗ ಕುಂತ್ರ ನಿಮ್ಮ ಮಾವ ಉಳಿಯೂದಿಲ್ಲ. ನೀ ನಿನ್ನೆ ಮೊನ್ನೆ ಬಂದಾಕಿ, ನಿಂಗೇನ್ ಗೊತ್ತು?"

"ರಸ್ತೆದಾಗ ಬ್ಯಾರೇದವರು ಉಳಿಯೂದಿಲ್ರಿ."

ಕೆಂಪವ್ವ ಕೈಯೆತ್ತಿದಳು, ಹೊಡೆಯಲಿಲ್ಲ. ಆ ಕೈಯಿಂದಲೇ ಸೆರಗು ಹಿಡಿದು ಕಣ್ಣೊರೆಸಿಕೊಂಡಳು. ಸದ್ದಿಲ್ಲದೆ ಅಳುವುದು ಅವಳಿಗೆ ಮೂರು ವರ್ಷದಿಂದ ರೂಢಿಯಾಗಿತ್ತು. ಹೊರಗೆ ಜಟ್ಟೆಪ್ಪ ಕಾದು ಕಾದು, ಕಿಟಕಿಯಲ್ಲಿ ಆಡುತ್ತಿದ್ದ ಎರಡು ನೆರಳುಗಳನ್ನು ನೋಡಿ, ಇಂಜಿನ್ ನಿಲ್ಲಿಸಿದ. ಮಂಗಳವಾರ ಗಾಡಿ ಕುಟ್ಟುತ್ತಲೇ ಗುಡ್ಡಕ್ಕೆ ಹೋಯಿತು. ಅಂದು ಅತ್ತೆ ಸೊಸೆ ಇಬ್ಬರೂ ಊಟ ಮಾಡಲಿಲ್ಲ.

ಗುಡ್ಡಕ್ಕೆ ಜನ ಮುರಿದು ಬೀಳುವ ದವನದ ಹುಣ್ಣಿಮೆ ಹತ್ತಿರ ಬಂತು. ಅದರ ಹಿಂದಿನ ಭಾನುವಾರ ಬೆಳಿಗ್ಗೆ ಜಟ್ಟೆಪ್ಪ ಗೂಟಕ್ಕೆ ಕೈ ಹಾಕಿದರೆ ಕೀಲಿ ಇರಲಿಲ್ಲ. ಲಗಮಪ್ಪನ ಅಂಗಿಯ ಜೇಬು ಉಬ್ಬಿತ್ತು.

"ಕೀಲಿ ಕೊಡು."

ಲಗಮಪ್ಪ ಅಪ್ಪನ ಎದುರು ನಿಂತು, ತುಟಿ ಕಾಣುವ ಹಾಗೆ, ಜೋರಾಗಿ ಹೇಳಿದ: "ಕೊಡೂದಿಲ್ಲ! ನಿಂಗ ಕೇಳೂದಿಲ್ಲ! ಮಂದೀನ ಕೊಲ್ಲತೀ ಒಂದಿನ!"

ಓಣಿಯಲ್ಲಿ ಎರಡು ಬಾಗಿಲು ತೆರೆದವು. ಮೂರು ವರ್ಷ ಕೆಂಪವ್ವ ಮುಚ್ಚಿಟ್ಟದ್ದನ್ನು ಮಗ ಒಂದೇ ಮಾತಿಗೆ ಬೀದಿಗೆ ಹಾಕಿದ್ದ. ಜಟ್ಟೆಪ್ಪನ ಮುಖ ಕಪ್ಪಿಟ್ಟಿತು.

"ಕೇಳೂದಿಲ್ಲ? ನೀ ಹುಟ್ಟೂಕಿಂತ ಮೊದಲಿಂದ ಇಂಜಿನ್ ಕೇಳಾಕ ಹತ್ತೇನಿ ನಾ. ನಾಳೆ ಸೋಮವಾರ. ನಾನೊಬ್ಬನ ಎಂಟೂ ಟ್ಯಾಪೆಟ್ ಕಟ್ಟತೇನಿ. ಯಾರೂ ಬಾಯಿ ಹಾಕಬ್ಯಾಡ್ರಿ. ಒಂದು ತಪ್ಪಿತ್ತಂದ್ರ ಕೀಲಿ ನಿನ್ನ ಹತ್ರ ಇರಲಿ, ನಾ ಮತ್ತ ಕೇಳೂದಿಲ್ಲ. ತಪ್ಪಲಿಲ್ಲ ಅಂದ್ರ ನೀ ಈ ಮಾತು ಮತ್ತ ಎತ್ತಬಾರದು."

"ತಪ್ಪೈತೋ ಇಲ್ಲೋ ಅಂತ ಹೇಳಾವ್ರು ಯಾರು?"

ಜಟ್ಟೆಪ್ಪ ಅಡುಗೆಮನೆಯ ಬಾಗಿಲಿಗೆ ಬೆರಳು ಮಾಡಿದ. "ಆಕಿ. ಆಕಿ ಸುಳ್ಳ ಹೇಳೂದಿಲ್ಲ. ನನ್ನ ಮುಂದ ಬಂದು ಹೇಳಲಿ."

"ಸೊಸಿ ಮಾವನ ಮುಂದ ನಿಂತು ಮಾತಾಡೂದ?" ಎಂದು ಕೆಂಪವ್ವ ಕೂಗಿದಳು.

"ಕೂಳು ಹೋಗೂ ಹೊತ್ತಿನ್ಯಾಗ ಸೆರಗಿನ ಚಿಂತಿ ಯಾಕ?"

ಬಾಗಿಲ ಹಿಂದೆ ನಿಂತಿದ್ದ ಕೃಷ್ಣವ್ವ ಸೆರಗು ಮುಂದೆಳೆದುಕೊಂಡಳು. ಗಂಡ ಒಳಗೆ ಬಂದು, "ತಪ್ಪಿದ್ರ ತಪ್ಪು ಅನ್ನು. ತಪ್ಪಿಲ್ಲಂದ್ರೂ..." ಎಂದು ಅರ್ಧಕ್ಕೆ ನಿಲ್ಲಿಸಿದ. ಮಾಸ್ತರ ಬಾಯಿಂದ ಪೂರ್ತಿ ಮಾತು ಬರಲಿಲ್ಲ. ಅವಳಿಗೆ ಅರ್ಥವಾಯಿತು. ಒಂದು ಸುಳ್ಳು ಹೇಳಿದರೆ ಗಾಡಿ ನಿಲ್ಲುತ್ತದೆ, ಕೂಸುಗಳು ಉಳಿಯುತ್ತವೆ. ಹಸಿರು ಬಳೆಯ ಕೈಯನ್ನು ಅವಳು ಸುಮ್ಮನೆ ನೋಡಿಕೊಂಡಳು. ಒಂದಾದರೂ ಟ್ಯಾಪೆಟ್ಟು ತಪ್ಪಲಿ ಎಂದು ಎಲ್ಲಮ್ಮನಿಗೆ ಹರಕೆ ಹೊತ್ತಳು. ಹೊತ್ತ ಮೇಲೆ, ಮಾವನಿಗೆ ಕೇಡು ಬಯಸಿದೆನೇ ಎಂದು ಹೆದರಿ ಅದೇ ಎಲ್ಲಮ್ಮನ ಕ್ಷಮೆ ಕೇಳಿದಳು.

ಸೋಮವಾರ ಬೆಳಿಗ್ಗೆ ಎಂಟಕ್ಕೇ ಜಟ್ಟೆಪ್ಪ ಗೋಣಿಚೀಲ ಹಾಸಿದ. ಲಗಮಪ್ಪ ಅರ್ಧ ದಿನ ರಜೆ ಹಾಕಿ ಕಟ್ಟೆಯ ಮೇಲೆ ಕೂತ. ಓಣಿಯ ಐದಾರು ಜನ ಏನೋ ಕೆಲಸವಿದ್ದವರಂತೆ ಬಂದು ಬೇವಿನ ನೆರಳಿಗೆ ನಿಂತರು. ಜಟ್ಟೆಪ್ಪ ಅಂಗಿಯ ಜೇಬಿನಿಂದ ಒಂದು ಗೇಜು ತೆಗೆದ. ಬಸ್ ನಿಲ್ದಾಣದಲ್ಲಿ ಗಾಡಿ ನಿಂತುಹೋಗಿದ್ದ ಟ್ಯಾಕ್ಸಿ ಡ್ರೈವರ್ ಯಮನಪ್ಪನಿಂದ ಇಸಿದುಕೊಂಡು ಬಂದದ್ದು. ಜೀವಮಾನದಲ್ಲಿ ಗೇಜು ಮುಟ್ಟದ ಗಂಡ ಅದನ್ನು ಕೈಯಲ್ಲಿ ಹಿಡಿದದ್ದು ಕಂಡು ಕೆಂಪವ್ವನಿಗೆ ಎಲ್ಲ ತಿಳಿಯಿತು. ಕಿವಿ ಹೋದದ್ದನ್ನು ಅವನು ತನ್ನಷ್ಟಕ್ಕೆ ತಾನು ಒಪ್ಪಿಕೊಂಡಿದ್ದ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಹ್ಯಾಂಡಲ್ ತಿರುವಿ, ಸ್ಕ್ರೂ ಸಡಿಲಿಸಿ, ತಗಡು ತೂರಿಸಿ, ಎಳೆದು ನೋಡಿ, ಬಿಗಿದು, ಮತ್ತೆ ಎಳೆದು ನೋಡಿ. ಒಂದೊಂದಕ್ಕೂ ಅವನು ಕಣ್ಣು ಮುಚ್ಚಿ ಬೆರಳಿನಿಂದಲೇ ಕೇಳಿಸಿಕೊಳ್ಳುತ್ತಿದ್ದ. ಎಂಟು ಮುಗಿಯಲು ಎರಡು ತಾಸು ಹಿಡಿಯಿತು. ಯಾರೂ ಚಹಾ ಕೇಳಲಿಲ್ಲ. ಮುಚ್ಚಳ ಕೂರಿಸಿ, ಹೊಸ ಎಣ್ಣೆ ಹಾಕಿ, ಮಗನ ಮುಂದೆ ಕೈ ಚಾಚಿದ. ಲಗಮಪ್ಪ ಕೀಲಿ ಕೊಟ್ಟ. ಇಂಜಿನ್ ಶುರುವಾಯಿತು.

ಕೃಷ್ಣವ್ವ ಬಾಗಿಲು ದಾಟಿ ಅಂಗಳಕ್ಕೆ ಬಂದಳು. ಸೆರಗು ಕಣ್ಣಿನ ತನಕ ಇತ್ತು. ಬಾನೆಟ್ಟಿನ ಪಕ್ಕ ನಿಂತು ತಲೆ ಬಗ್ಗಿಸಿ ಕೇಳಿದಳು. ಕುಟ್ಟುವ ಸದ್ದಿಲ್ಲ, ತಪ್ಪಿದ ಜಾಗವಿಲ್ಲ. ಅಪ್ಪನ ಗಿರಣಿಯಲ್ಲಿ ಕೂಡ ಇಷ್ಟು ಹದವಾಗಿ ಓಡಿದ ಇಂಜಿನ್ ಅವಳು ಕೇಳಿರಲಿಲ್ಲ. ಗಂಡ ಅವಳನ್ನೇ ನೋಡುತ್ತಿದ್ದ. ಸುಳ್ಳು ನಾಲಿಗೆಯ ತುದಿಗೆ ಬಂತು. ಹೇಳಲು ಆಗಲಿಲ್ಲ. ಇಷ್ಟು ಚೆನ್ನಾದ ಕೆಲಸಕ್ಕೆ ಕೆಟ್ಟದ್ದು ಎನ್ನಲು ಗಿರಣಿಯವನ ಮಗಳಿಗೆ ಮನಸ್ಸು ಬರಲಿಲ್ಲ.

ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಮಾವನೊಂದಿಗೆ ಮಾತಾಡಿದಳು. "ಎಂಟೂ ಬರೋಬ್ಬರಿ ಅದಾವ್ರಿ ಮಾವ."

ಲಗಮಪ್ಪ ತಲೆ ತಗ್ಗಿಸಿದ. ಬೇವಿನ ಕೆಳಗೆ ನಿಂತವರು "ಭಲೇ" ಎಂದು ನಕ್ಕರು. ಜಟ್ಟೆಪ್ಪ ಮಾತ್ರ ನಗಲಿಲ್ಲ. ತಲೆಯನ್ನು ಒಂದು ಕಡೆ ವಾಲಿಸಿ ಸೊಸೆಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ರೂಢಿಯಂತೆ ಕೆಂಪವ್ವನ ಕಡೆ ನೋಡಿದ. ಕೆಂಪವ್ವ ಬಾಯಿ ತೆರೆದಳು. ಸೊಸೆಯನ್ನು ನೋಡಿದಳು, ಗಂಡನನ್ನು ನೋಡಿದಳು, ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು.

ಜಟ್ಟೆಪ್ಪ ಇಂಜಿನ್ ನಿಲ್ಲಿಸಿದ. "ಗದ್ದಲದಾಗ ಕೇಳಲಿಲ್ಲ. ಈಗ ಹೇಳವಾ."

ಓಣಿ ನಿಶ್ಶಬ್ದವಾಗಿತ್ತು. ಒಂದು ಕೋಳಿ ಒಣಗಿದ ಎಲೆ ಕೆದರುವುದು ಕೂಡ ಕೇಳುತ್ತಿತ್ತು. ಕೃಷ್ಣವ್ವ ಇನ್ನೊಮ್ಮೆ ಹೇಳಿದಳು, ಎಲ್ಲರೂ ಮಾತಾಡುವಷ್ಟೇ ದನಿಯಲ್ಲಿ. ಸೆರಗಿನ ಮರೆಯಲ್ಲಿ ತುಟಿ ಕಾಣುತ್ತಿರಲಿಲ್ಲ. ಜಟ್ಟೆಪ್ಪ ಕಾಯುತ್ತಲೇ ಇದ್ದ. ನಿಂತವರ ನಗು ಒಬ್ಬೊಬ್ಬರದಾಗಿ ಆರಿಹೋಯಿತು.

"ಹೇಳಿದಳೇನ?" ಎಂದು ಅವನು ಹೆಂಡತಿಯನ್ನು ಕೇಳಿದ.

ಕೆಂಪವ್ವ ಹೌದೆಂದು ತಲೆಯಾಡಿಸಿದಳು.

"ಎರಡೂ ಸಲ?"

ಅವಳು ಮತ್ತೆ ತಲೆಯಾಡಿಸಿದಳು. ಕಣ್ಣೀರು ಗದ್ದಕ್ಕೆ ಬಂದಿತ್ತು, ಒರೆಸಿಕೊಳ್ಳಲಿಲ್ಲ.

ಜಟ್ಟೆಪ್ಪ ಅರಿವೆಯ ಚೂರಿನಿಂದ ಒಂದೊಂದೇ ಬೆರಳು ಒರೆಸಿಕೊಂಡ. ಕೀಲಿ ಕಿತ್ತು ಮಗನ ಕೈಯಲ್ಲಿಟ್ಟ. "ಯಮನಪ್ಪಗ ಹೇಳು. ನಾಳೆಯಿಂದ ಗಾಡಿ ಅಂವಾ ಹೊಡೀಲಿ," ಎಂದ. "ನಂಗ ಕೇಳೂದಿಲ್ಲ."

ಲಗಮಪ್ಪನಿಗೆ ಕೀಲಿ ಹಿಡಿದ ಕೈಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಜನ ಒಬ್ಬೊಬ್ಬರೇ ಹೊರಟರು. ಜಟ್ಟೆಪ್ಪ ಸೊಸೆಯ ಕಡೆ ತಿರುಗಿದ.

"ಏನಂದೀ ಯವ್ವಾ? ಹೆಂಗೈತಿ ಇಂಜಿನ್?"

ಕೃಷ್ಣವ್ವ ಸೆರಗನ್ನು ಹೆಗಲಿಗೆ ಎಳೆದುಕೊಂಡು, ಮಾವನ ಕಿವಿಯ ಹತ್ತಿರಕ್ಕೆ ಬಂದು, ಹೊರಟವರೆಲ್ಲ ತಿರುಗಿ ನೋಡುವಂತೆ ಕೂಗಿದಳು:

"ಎಂಟೂ ಬರೋಬ್ಬರಿ ಅದಾವ್ರಿ ಮಾವಾ!"

ಜಟ್ಟೆಪ್ಪ ತಲೆಯಾಡಿಸಿದ. "ನಂಗೊತ್ತಿತ್ತು," ಎಂದ. ಗೋಣಿಚೀಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಸಾಮಾನುಗಳನ್ನು ಒರೆಸಿ ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ.